ಬೀರೇಶನಿಗೆ ನಾನು ಬರೆದ ಅಭಿನಂದನಾ ಪತ್ರ

ಈ ಮಳೆಗಾಲದ ಶುರುವಿನಲ್ಲಿ ಹೊಸದುರ್ಗದಿಂದ ಚಿತ್ರದುರ್ಗಕ್ಕೆ ಬಸ್ಸಿನಲ್ಲಿ ಬರುತ್ತಿದ್ದೆ. ಹೊಳಲ್ಕೆರೆಯಲ್ಲಿ ಒಬ್ಬ ಕುರಿಗಾಹಿ ಹತ್ತಿ ನನ್ನ ಪಕ್ಕದಲ್ಲಿ ಕುಳಿತರು. ಹೊರಗೆ ಸೋನೆ ಹಿಡಿದಿತ್ತು, ಅವರ ಹೆಗಲ ಮೇಲಿನ ಕರಿ ಕಂಬಳಿ ನೆನೆದಿತ್ತು. ನೆನೆದ ಕಂಬಳಿಗೆ ಅದರದೇ ಒಂದು ವಾಸನೆ ಇರುತ್ತದೆ. ಉಣ್ಣೆ, ಒಲೆಯ ಹೊಗೆ, ಕುರಿ ಹಿಕ್ಕೆ, ನೇಯುವಾಗ ಹಾಕಿದ ಹುಣಸೆಬೀಜದ ಗಂಜಿ, ಎಲ್ಲ ಸೇರಿದ ವಾಸನೆ. ಅದು ಮೂಗಿಗೆ ಬಡಿದದ್ದೇ ತಡ, ನಾನು ಎದ್ದು ಕಿಟಕಿಯ ಗಾಜು ಸರಿಸಿದೆ.

"ವಾಸ್ನೆ ಬರ್ತೈತೇನ್ರಿ?" ಎಂದು ಅವರು ಮುಜುಗರದಿಂದ ಕಂಬಳಿ ಮಡಚತೊಡಗಿದರು.

"ಇಲ್ಲ ಯಜಮಾನ್ರೆ, ಸೆಕೆ" ಎಂದೆ.

ತೆರೆದ ಕಿಟಕಿಯಿಂದ ಹನಿ ಬಂದು ನನ್ನ ಕನ್ನಡಕದ ಮೇಲೆ ಬೀಳುತ್ತಿತ್ತು. ಅಂಥ ಹೊತ್ತಿನಲ್ಲಿ ಸೆಕೆಯಂತೆ! ಸುಳ್ಳು ನನ್ನ ಬಾಯಿಗೆ ಎಷ್ಟು ಸಲೀಸಾಗಿ ಬರುತ್ತದೆ ಎಂದು ನನಗೇ ಹೇಸಿಗೆಯಾಯಿತು. ದುರ್ಗ ಬರುವವರೆಗೂ ನಾನು ಆ ಮನುಷ್ಯರ ಮುಖ ನೋಡಲಿಲ್ಲ. ಮಾಡದಕೆರೆಯ ಕಡೆ ಕಳೆದ ನನ್ನ ನೌಕರಿಯ ಕೊನೆಯ ವರ್ಷ ತಲೆಯೊಳಗೆ ಬಂದು ಕೂತಿತ್ತು.

ಆ ವರ್ಷ ನಾನು ಮಾಡದಕೆರೆ ಹೋಬಳಿಯ ಒಂದು ಊರಿನಲ್ಲಿ ಕನ್ನಡ ಮೇಷ್ಟ್ರಾಗಿದ್ದೆ. ಊರಿನ ಹೆಸರು ಬೇಡ, ಅದಕ್ಕೆ ಆದದ್ದೇ ಸಾಕು. ನಿವೃತ್ತಿಗೆ ಹತ್ತು ತಿಂಗಳು ಉಳಿದಿತ್ತು. ಪಾಠಕ್ಕಿಂತ ಹೆಚ್ಚಾಗಿ ನಾನು ಹೆಸರು ಮಾಡಿದ್ದು ಅಭಿನಂದನಾ ಪತ್ರ ಬರೆಯುವುದರಲ್ಲಿ. ಹಿರೇಗುಂಟನೂರಿನಲ್ಲಿ ನೌಕರಿಗೆ ಸೇರಿದ ಹೊಸದರಲ್ಲಿ ಹತ್ತಿದ ಚಟ ಅದು. ಹಾಲಿನ ಡೇರಿಯ ಕಾರ್ಯದರ್ಶಿ, ಅಂಚೆಯವರು, ಕಂಡಕ್ಟರು, ಯಾರು ನಿವೃತ್ತರಾದರೂ ಜನ ನನ್ನಲ್ಲಿಗೆ ಬರುತ್ತಿದ್ದರು. ಒಬ್ಬ ಲೈನ್‌ಮನ್‌ನನ್ನು "ಕಗ್ಗತ್ತಲ ಸೀಳಿದ ಬೆಳಕಿನ ಭಗೀರಥ" ಎಂದು ಬರೆದಿದ್ದೆ. ಅವನ ಕಾಲದಲ್ಲಿ ಆ ಊರಿಗೆ ಕರೆಂಟು ಇದ್ದ ದಿನಕ್ಕಿಂತ ಇಲ್ಲದ ದಿನವೇ ಜಾಸ್ತಿ. ಯಾರೂ ನಗಲಿಲ್ಲ, ಅವನ ಹೆಂಡತಿ ಕಣ್ಣೊರೆಸಿಕೊಂಡಳು. ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಕಾಗದದಲ್ಲಿ ಸತ್ಯ ಹುಡುಕುವವರು ಯಾರು? ನಾನೂ ಹುಡುಕುತ್ತಿರಲಿಲ್ಲ. ಹೆಸರು, ಊರು, ತಂದೆ ತಾಯಿ ಇಷ್ಟು ಸಿಕ್ಕರೆ ಸಾಕು, ಉಳಿದದ್ದೆಲ್ಲ ನನ್ನ ಪೆನ್ನಿನಿಂದ ತಾನಾಗಿ ಇಳಿಯುತ್ತಿತ್ತು.

ಮೃಗಶಿರಾ ಮಳೆ ಒಂದು ಹದ ಬಿದ್ದು ನಿಂತಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಕಂಬಗಳ ರೆಕ್ಕೆಗಳು ಹಗಲಿಡೀ ತಿರುಗುತ್ತಿದ್ದವು, ಕೆಳಗೆ ಜನ ಶೇಂಗಾ ಬಿತ್ತುತ್ತಿದ್ದರು. ಪಂಚಾಯಿತಿ ಸದಸ್ಯ ತಿಪ್ಪೇಸ್ವಾಮಿ ಶಾಲೆ ಬಿಡುವ ಹೊತ್ತಿಗೆ ಬೈಕಿನಲ್ಲಿ ಬಂದ.

"ಮೇಷ್ಟ್ರೆ, ನಮ್ಮ ಬೀರೇಶ ಯುದ್ಧ ಮಾಡಿ ಬಂದವ್ನೆ. ಭಾನುವಾರ ಮೆರವಣಿಗೆ ಇಟ್ಕಂಡಿದೀವಿ. ನಿಮ್ದೊಂದು ಪತ್ರ ಆಗ್ಬೇಕು."

"ಯಾವ ಯುದ್ಧ ತಿಪ್ಪೇಸ್ವಾಮಿ?"

"ರಷ್ಯಾದ್ದು."

"ಅದು ನಮ್ಮ ದೇಶದ್ದಲ್ಲವಲ್ಲಪ್ಪ."

"ಯುದ್ಧ ಯುದ್ಧನೇ ಅಲ್ವೇನ್ರಿ? ಪಕ್ಕದೂರೋರು ಹೋದ ತಿಂಗ್ಳು ಯಾರೋ ಸುಬೇದಾರ್‍ನ ಓಪನ್ ಜೀಪ್ನಾಗೆ ಮೆರೆಸಿ ಊಟ ಹಾಕಿದ್ರು. ನಮ್ಮೂರ್ನಾಗೆ ಒಬ್ನಾದ್ರೂ ಮಿಲ್ಟ್ರಿಗೆ ಹೋಗೋನು ಹುಟ್ಟಿಲ್ಲ. ಸಿಕ್ಕಿರೋನು ಇವನೊಬ್ಬ. ಯಾವ ದೇಶದ್ದಾದ್ರೇನು, ಬಟ್ಟೆ ಹಾಕ್ಕಂಡು ಬಂದೂಕ ಹಿಡ್ದವ್ನೆ ಇಲ್ಲೋ?"

ಊರಿನವರಿಗೆ ನಿಜವಾಗಿಯೂ ಹಾಗೇ ಅನ್ನಿಸಿತ್ತು. ಕೆರೆ ಏರಿಯ ಮೇಲೆ ಒಂದು ವೀರಗಲ್ಲು ಇದೆ, ಹಬ್ಬಕ್ಕೊಮ್ಮೆ ಅದಕ್ಕೆ ಎಣ್ಣೆ ಹಚ್ಚುತ್ತಾರೆ. ಆ ವೀರ ಯಾವ ಪಾಳೆಯಗಾರನ ಕಡೆಯಿಂದ ಯಾರ ಮೇಲೆ ಹೋಗಿ ಸತ್ತ ಎಂದು ಯಾರೂ ಕೇಳಿಲ್ಲ. ಕತ್ತಿ ಹಿಡಿದು ಹೋದವನು ಎಂದರೆ ಸಾಕು, ಎಣ್ಣೆ ಹಚ್ಚುವವರೇ ಅವರು. ಅವರದು ತಪ್ಪು ನಿಜ, ಆದರೆ ಅದರಲ್ಲಿ ಕೆಟ್ಟತನ ಇರಲಿಲ್ಲ. ನಾನು ಓದಿದವನು, ದಿನಾ ಪತ್ರಿಕೆ ನೋಡುವವನು, "ಬೇಡ ಕಣಪ್ಪ" ಎನ್ನಬಹುದಿತ್ತು. ಪತ್ರ ನಿಮ್ಮದೇ ಆಗಬೇಕು ಎಂದ ಕೂಡಲೇ ನನಗೆ ಬುದ್ಧಿ ಮಂಕಾಗುತ್ತಿತ್ತು.

ಬೀರೇಶ ಊರಿನ ಕುರಿ ಸಾಕುವ ಮನೆತನದವನು, ಮೂವತ್ತು ದಾಟಿದ ಮನುಷ್ಯ. ರಷ್ಯಾದ ಗೋದಾಮಿನಲ್ಲಿ ಸಾಮಾನು ಎತ್ತಿಳಿಸುವ ಕೆಲಸ ಎಂದು ಏಜೆಂಟ್ ಒಬ್ಬ ನಂಬಿಸಿ ಕಳಿಸಿದ್ದ. ಹೋದ ಒಂದೇ ವಾರದೊಳಗೆ ಓದಲು ಬಾರದ ಅಕ್ಷರದ ಕಾಗದಕ್ಕೆ ರುಜು ಹಾಕಿಸಿಕೊಂಡು, ಪಾಸ್‌ಪೋರ್ಟ್ ಕಿತ್ತುಕೊಂಡು, ಸಮವಸ್ತ್ರ ಕೊಟ್ಟು ಗಡಿಗೆ ಸಾಗಿಸಿದ್ದರು. ಕಾಲಿಗೆ ಪೆಟ್ಟು ಬಿದ್ದ ಮೇಲೆ, ನಮ್ಮ ಸರ್ಕಾರ ಕೇಳಿದ ಮೇಲೆ, ಪಾಸ್‌ಪೋರ್ಟ್ ವಾಪಸ್ ಕೊಟ್ಟು ಬಿಟ್ಟು ಕಳಿಸಿದ್ದರು. ಇದೆಲ್ಲ ನನಗೆ ಗೊತ್ತಾದದ್ದು ತಡವಾಗಿ. ಪತ್ರ ಬರೆಯುವ ಮುಂಚೆ ನಾನು ಅವನ ಮನೆಗೆ ಹೋದದ್ದೇನೋ ನಿಜ. ಹೋದೆ ಎಂದು ಹೇಳಿಕೊಳ್ಳುವಷ್ಟೇ ಹೊತ್ತು ಕೂತೆ.

ಅವನ ಹೆಂಡತಿ ಮಂಜುಳ ಹಿರೇಗುಂಟನೂರಿನ ಹುಡುಗಿ, ಅಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಸಾರಾಂಶ ಬರೆಯುವುದರಲ್ಲಿ ಶಾಲೆಗೇ ಮೊದಲು. ನಾನು ಬೋರ್ಡಿನ ಮೇಲೆ ಬರೆದ ಸಾರಾಂಶದಲ್ಲೂ "ಇದೊಂದು ಬಿಟ್ಟೀರಿ ಸಾರ್" ಎಂದು ಎದ್ದು ನಿಲ್ಲುತ್ತಿದ್ದಳು. ಅವಳು ಟೀ ತಂದಿಟ್ಟು ಬಾಗಿಲ ಹತ್ತಿರ ಕುಳಿತಳು. ಬೀರೇಶ ಒಂದು ಮರಿಯ ಕುತ್ತಿಗೆಯಿಂದ ಮುಳ್ಳು ಬಿಡಿಸುತ್ತಿದ್ದ.

"ಅಲ್ಲಿ ಏನು ಮಾಡುತ್ತಿದ್ದೆಯಪ್ಪ?" ಎಂದೆ.

"ಗುಂಡಿ ತೋಡ್ತಿದ್ವಿ ಸಾರ್."

"ಬಂದೂಕು ಕೊಟ್ಟಿದ್ದರೇ?"

"ಕೊಟ್ಟಿದ್ರು."

"ಶತ್ರುಗಳನ್ನು ನೋಡಿದೆಯಾ?"

ಅವನು ಮುಳ್ಳು ಬಿಡಿಸುವುದನ್ನು ನಿಲ್ಲಿಸಿದ. "ಒಬ್ಬನ್ನ ನೋಡ್ದೆ" ಎಂದ. ಇನ್ನೂ ಏನೋ ಹೇಳುವವನಿದ್ದ. ನಾನು ಗಡಿಯಾರ ನೋಡಿದೆ. ನನಗೆ ಬೇಕಾದದ್ದು ಸಿಕ್ಕಿತ್ತು. ಬಂದೂಕು ಇತ್ತು, ಶತ್ರು ಇದ್ದ, ಇನ್ನೇನು ಬೇಕು? ಅಂದು ಸಂಜೆ ಕೂತು ಎರಡು ಗಂಟೆಯಲ್ಲಿ ಬರೆದು ಮುಗಿಸಿದೆ. "ಯಾರ ಬಲವಂತವೂ ಇಲ್ಲದೆ ಸ್ವಇಚ್ಛೆಯಿಂದ ರಣರಂಗಕ್ಕೆ ಧುಮುಕಿ, ಹಗೆಗಳ ರುಂಡವ ಚೆಂಡಾಡಿ, ದುರ್ಗದ ಬಂಡೆಯ ಕೆಚ್ಚನ್ನು ಹಿಮದ ನಾಡಿಗೆ ಸಾರಿದ ಕಲಿಯೇ!" ಸ್ವಇಚ್ಛೆ ಎಂಬುದನ್ನು ಯಾಕೆ ಹಾಕಿದೆ? ವಾಕ್ಯಕ್ಕೆ ತೂಕ ಸಾಲದು ಅನ್ನಿಸಿತು, ಹಾಕಿದೆ. ಅಷ್ಟೇ ಕಾರಣ. ದೇವರಾಣೆಗೂ ಬೇರೆ ಕಾರಣ ಇಲ್ಲ.

ಭಾನುವಾರ ತಿಪ್ಪೇಸ್ವಾಮಿಯ ಜೀಪಿನಲ್ಲಿ ಬೀರೇಶನನ್ನು ನಿಲ್ಲಿಸಿ ಬಸ್‌ಸ್ಟ್ಯಾಂಡಿನಿಂದ ಕರೆತಂದರು. ಡೊಳ್ಳು, ಪಟಾಕಿ, ಊರ ಬಾಗಿಲಿಗೆ ಎತ್ತರದ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಅವನು ಅಲ್ಲಿಂದ ಮಂಜುಳಗೆ ಕಳಿಸಿದ್ದ ಫೋಟೊ, ಆ ದೇಶದ ಸಮವಸ್ತ್ರದ್ದು. ಅದರ ಹಿಂದೆ ನಮ್ಮ ತ್ರಿವರ್ಣ. ಅದರಲ್ಲಿ "ಯೋಧ"ದ ಅಕ್ಷರ ತಪ್ಪಾಗಿತ್ತು, ತಿದ್ದಿಸಿ ಬೇರೆ ಮಾಡಿಸಿದವನು ನಾನೇ. ಉಳಿದದ್ದು ಯಾವುದೂ ತಪ್ಪಾಗಿ ನನಗೆ ಕಾಣಲಿಲ್ಲ.

ವೇದಿಕೆಯ ಮೇಲೆ ಅವನಿಗೊಂದು ಕುರ್ಚಿ ಇಟ್ಟಿದ್ದರು. ಬೀರೇಶನ ದೊಡ್ಡಪ್ಪ ಮೈಲಾರಪ್ಪ ಅದನ್ನು ಸರಿಸಿ, ಮನೆಯಿಂದ ತಂದ ಕರಿ ಕಂಬಳಿಯನ್ನು ಹಾಸಿದರು. "ನಮ್ಮ ಹುಡುಗ್ನಿಗೆ ಮರ್ಯಾದೆ ಅಂದ್ರೆ ಕಂಬ್ಳಿ ಮೇಲೆ. ಕುರ್ಚಿ ಮೇಲೆ ಯಾರು ಬೇಕಾದ್ರೂ ಕುಂತ್ಕಂತಾರೆ" ಎಂದರು. ಬೀರೇಶ ಎಡಗಾಲನ್ನು ಕೈಯಲ್ಲಿ ಎತ್ತಿಕೊಂಡು ಕುಳಿತ. ನಾನು ಮೈಕಿನ ಮುಂದೆ ನಿಂತು, ನನಗೆ ಒಲಿದಿದ್ದ ಆ ಏರಿಳಿತದ ದನಿಯಲ್ಲಿ ಓದಿದೆ. ಹಗೆಗಳ ರುಂಡ ಎಂಬಲ್ಲಿ ಅವನು ಥಟ್ಟನೆ ತಲೆಯೆತ್ತಿ ನನ್ನನ್ನು ನೋಡಿದ. ಬಾಯಿ ತೆರೆದ. ಅಷ್ಟರಲ್ಲಿ ಚಪ್ಪಾಳೆ, ಶಿಳ್ಳೆ, ಡೊಳ್ಳು. ಅವನು ಬಾಯಿ ಮುಚ್ಚಿಕೊಂಡು ಕಂಬಳಿಯ ಅಂಚನ್ನು ನೋಡತೊಡಗಿದ.

ಮೆರವಣಿಗೆಯ ವಿಡಿಯೊ ಎಲ್ಲರ ಮೊಬೈಲಿಗೂ ಹರಿಯಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಕೆಲಸ ಸಿಕ್ಕಿತು. ಮೊದಮೊದಲು ಹುಲಿ, ಸಿಂಹ ಎಂದರು. ನಾಲ್ಕನೆಯ ದಿನ ಯಾರೋ ಕೇಳಿದರು, ಪರದೇಶದ ಸೈನ್ಯದ ಬಟ್ಟೆ ತೊಟ್ಟವನ ಹಿಂದೆ ನಮ್ಮ ಬಾವುಟ ಏಕೆ ಎಂದು. ಐದನೆಯ ದಿನ ಅವನ ಹೆಸರಿನ ಮುಂದೆ ದೇಶದ್ರೋಹಿ ಎಂದು ಸೇರಿತು. ಅದರ ಮರುವಾರ ಯಾರೋ ದೂರು ಕೊಟ್ಟರು. ಮೆರವಣಿಗೆಯ ವಿಡಿಯೊ, ಫ್ಲೆಕ್ಸಿನ ಫೋಟೊ, ನನ್ನ ಅಭಿನಂದನಾ ಪತ್ರದ ಪ್ರತಿ, ಮೂರನ್ನೂ ಲಗತ್ತಿಸಿದ್ದರು.

ತಿಪ್ಪೇಸ್ವಾಮಿ ಒಂದೇ ದಿನದಲ್ಲಿ ಬದಲಾದ. "ನಾನು ಜೀಪು ಕೊಟ್ಟೆ ಅಷ್ಟೇ ಕಣ್ರಿ. ಯಾರಿಗೆ ಅಂತ ನಂಗೇನು ಗೊತ್ತು?" ಎಂದು ಟೀ ಅಂಗಡಿಯಲ್ಲಿ ಹೇಳಿಕೊಂಡು ತಿರುಗಿದ. ಫ್ಲೆಕ್ಸನ್ನು ಯಾರೋ ಬಿಚ್ಚಿಕೊಂಡು ಹೋಗಿ ಈರುಳ್ಳಿ ರಾಶಿಗೆ ಹೊದಿಸಿದರು. ಶಾಲೆಗೆ ಹೋಗುವ ದಾರಿಯಲ್ಲಿ ಅದು ದಿನಾ ಕಾಣುತ್ತಿತ್ತು. ಬೀರೇಶನ ಮುಖ ತಲೆಕೆಳಗಾಗಿ, ಮಳೆನೀರು ನಿಂತು, ಅದರ ಮೇಲೊಂದು ಕಲ್ಲು ಹೇರಿದ್ದರು. ಅಟ್ಟಕ್ಕೇರಿಸಿ ಏಣಿ ತೆಗೆಯುವುದು ಎಂಬುದಕ್ಕೆ ನಾನು ಮಕ್ಕಳಿಗೆ ಎಷ್ಟೋ ಸಲ ಅರ್ಥ ಹೇಳಿದ್ದೆ. ಏಣಿ ತೆಗೆದವರು ಊರಿನವರಾದರೆ ಅಟ್ಟಕ್ಕೇರಿಸಿದವನು ನಾನು.

ಠಾಣೆಯಲ್ಲಿ ಬೀರೇಶನನ್ನು ಕೇಳಿದ್ದು ಒಂದೇ ಪ್ರಶ್ನೆಯಂತೆ. ಈ ಪತ್ರದಲ್ಲಿರುವುದು ನಿಜವೋ ಸುಳ್ಳೋ? ಸುಳ್ಳು ಎಂದಿದ್ದರೆ ಮುಗಿಯುತ್ತಿತ್ತು. ಅವನು ಏನು ಹೇಳಿ ಬಂದ ಎಂಬುದನ್ನು ಮೈಲಾರಪ್ಪನವರೇ ನನಗೆ ಹೇಳಿದ್ದು.

"ಅಲ್ಲ ಅನ್ನಾಕೆ ಬರಲ್ಲ ಅಂತ ಹೇಳಿ ಬಂದವ್ನೆ ಮೇಷ್ಟ್ರೆ."

"ಯಾಕೆ ಹಾಗೆ ಹೇಳಿದ?"

"ಕಂಬ್ಳಿ ಮೇಲೆ ಕುಂತು ಕೇಳಿದಾನಲ್ರಿ! ಕಂಬ್ಳಿ ಮೇಲೆ ಆಡಿದ್ ಮಾತು ಹೆಂಗೋ ಕೇಳಿದ್ ಮಾತೂ ಹಂಗೇ. ಅಲ್ಲ ಅನ್ನಂಗಿದ್ರೆ ಅಲ್ಲೇ ಅನ್ಬೇಕು. ಸುಮ್ಕಿದ್ರೆ ಒಪ್ಪಿದಂಗೆ. ನಮ್ಮ ಮದ್ವೆ, ನ್ಯಾಯ, ಪಾಲು ಎಲ್ಲಾ ಹಿಂಗೇ ನಡ್ದಿರಾದು. ಎದ್ದೋದ್ ಮ್ಯಾಲೆ ಮಾತು ತಿರುಗ್ಸಿದ್ರೆ ಆ ಮನೆ ಕಂಬ್ಳಿ ಮೇಲೆ ಇನ್ಯಾರು ಕುಂತ್ಕಂತಾರೆ?"

ಹೇಳುವಾಗ ಮುದುಕರ ಮುಖದಲ್ಲಿ ಹೆಮ್ಮೆ ಇತ್ತು, ಹೆದರಿಕೆಯೂ ಇತ್ತು. ತನ್ನ ಹುಡುಗ ಸರಿಯಾದದ್ದನ್ನೇ ಮಾಡಿದ್ದಾನೆ, ಅದರಿಂದಲೇ ಹಾಳಾಗುತ್ತಿದ್ದಾನೆ ಎಂದು ಅವರಿಗೆ ಗೊತ್ತಿತ್ತು. ಆ ಕಂಬಳಿಯನ್ನು ಹಾಸಿದ ಕೈ ಅವರದೇ.

ಮಂಜುಳ ಶಾಲೆಗೆ ಬಂದು ಕರೆದಳು. "ವಕೀಲ್ರು ನಿಮ್ಮನ್ನ ಕರ್ಕಂಡು ಬಾ ಅಂದಾರೆ ಸಾರ್. ದುರ್ಗಕ್ಕೆ ಹೋಗಾಣ ಬರ್ರಿ" ಎಂದಳು. ನಾನು ಹೋದೆ. ಅಷ್ಟರಮಟ್ಟಿಗೆ ಒಳ್ಳೆಯವನೇ ಆಗಿದ್ದೆ.

ವಕೀಲ ಓಬಳೇಶರ ಕೋಣೆಯ ಕಿಟಕಿಯಿಂದ ಕೋಟೆಯ ಬಂಡೆ ಕಾಣುತ್ತಿತ್ತು. ಜೊತೆಗೆ ಬಂದಿದ್ದ ಬೀರೇಶ ಹೊರಗಿನ ಬೆಂಚಿನ ಮೇಲೆ ಕುಳಿತಿದ್ದ. ಅವರು ಪತ್ರವನ್ನು ಎರಡು ಸಲ ಓದಿ ಮೇಜಿನ ಮೇಲೆ ಬೋರಲು ಹಾಕಿದರು.

"ನೋಡ್ರಿ ಮೇಷ್ಟ್ರೆ, ದೇಶದ್ರೋಹ ದೇಶದ್ರೋಹ ಅಂತ ಊರೆಲ್ಲಾ ಬಡ್ಕಂತೈತೆ. ಅದು ನಿಲ್ಲಲ್ಲ. ನಮ್ಮ ಸರ್ಕಾರದ ಮೇಲೆ ಯುದ್ಧ ಮಾಡಿದ್ರೆ ಆ ಮಾತು. ಇವ್ನು ಯಾರ ಪರವಾಗೋ ಯಾರ ಮೇಲೋ ಹೋಗಿದ್ದು. ನಮ್ಮ ದೇಶಕ್ಕೆ ಒಂದು ಕಲ್ಲೂ ಹೊಡ್ದಿಲ್ಲ."

ಮಂಜುಳ ಉಸಿರು ಬಿಟ್ಟಳು.

"ತಡಿಯಮ್ಮ, ಮುಗ್ದಿಲ್ಲ" ಎಂದರು ವಕೀಲರು. "ನಮ್ಮ ಜೊತೆ ಜಗ್ಳ ಇಲ್ದಿರೋ ದೇಶದ ಮೇಲೆ ನಮ್ಮೋನು ಹೋಗಿ ಯುದ್ಧ ಮಾಡಿದ್ರೆ, ಅದಕ್ಕೂ ಕಾನೂನಿನಾಗೆ ಬೇರೆ ಒಂದು ಕಲಮು ಐತೆ. ಸರ್ಕಾರ ಒಪ್ಪಿಗೆ ಕೊಟ್ರೆ ಅದನ್ನ ಹಾಕಬಹುದು. ವರ್ಷಗಟ್ಲೆ ಒಳಗಿಡೋ ಅಂಥದ್ದು. ಮೋಸ ಮಾಡಿ, ಹೆದ್ರಿಸಿ ಕಳ್ಸಿದ್ರು ಅಂದ್ರೆ ಅದೂ ನಿಲ್ಲಲ್ಲ. ತಾನೇ ಇಷ್ಟಪಟ್ಟು ಹೋದ, ಹೋಗಿ ಕೊಂದ, ಅಂತ ತೋರಿಸ್ಬೇಕು. ಅದನ್ನ ತೋರ್ಸೋಕೆ ಅವರ ಕೈಯಾಗೆ ಇರೋದು ಒಂದೇ ಕಾಗದ. ಬರ್ದೋರು ಇಲ್ಲೇ ಕುಂತವ್ರೆ." ಪತ್ರವನ್ನು ತಿರುಗಿಸಿ ಆ ಸಾಲಿನ ಮೇಲೆ ಬೆರಳಿಟ್ಟರು. "ಸ್ವಇಚ್ಛೆಯಿಂದ ಅಂತ ಯಾರು ಹೇಳಿದ್ರು ನಿಮಗೆ?"

"ಯಾರೂ ಹೇಳಲಿಲ್ಲ."

"ರುಂಡ ಚೆಂಡಾಡಿದ್ದು?"

"ಪತ್ರ ಎಂದರೆ ಹಾಗೇ ಬರೆಯುವುದು ಸಾರ್."

ಓಬಳೇಶರು ನಕ್ಕರು. "ಹಂಗಾರೆ ಅಷ್ಟನ್ನೇ ಹೇಳ್ರಿ. ನಾನು ಕೇಳಲಿಲ್ಲ, ಅವನು ಹೇಳಲಿಲ್ಲ, ನಾನೇ ಕಟ್ಟಿ ಬರ್ದೆ. ಮೂರು ಮಾತು. ಅವನಂತೂ ಕಂಬ್ಳಿ ಬಿಟ್ಟು ಏಳಲ್ಲ. ನಿಮಗೆ ಯಾವ ಕಂಬ್ಳಿಯೂ ಇಲ್ವಲ್ಲ?"

ಹೇಳುತ್ತೇನೆ ಎಂದೆ. ಮಂಜುಳ ಕೈ ಮುಗಿದಳು. ಬರುವಾಗ ಬಸ್ಸಿನಲ್ಲಿ ಬೀರೇಶ ನನ್ನ ಪಕ್ಕ ಕುಳಿತಿದ್ದ. ಹೊಲಗಳಲ್ಲಿ ರಾಗಿ ತೆನೆ ಬಿಡುತ್ತಿತ್ತು. ನಾನು ಕೇಳಿರಲಿಲ್ಲ, ಅವನಾಗಿಯೇ ಶುರುಮಾಡಿದ.

"ಅವತ್ತು ಒಬ್ಬನ್ನ ನೋಡ್ದೆ ಅಂದಿದ್ನಲ್ಲ ಸಾರ್. ನಾವು ತೋಡಿದ್ ಗುಂಡಿಯಾಗೇ ಬಿದ್ದಿದ್ದ. ನಮ್ ಕಡೆಯೋನೋ ಆ ಕಡೆಯೋನೋ ಗೊತ್ತಾಗ್ಲಿಲ್ಲ, ಮೈಯೆಲ್ಲಾ ಕೆಸ್ರು. ನೀರು ಕೇಳ್ದ. ಭಾಷೆ ಬರ್ದಿದ್ರೂ ನೀರು ಕೇಳಿದ್ದು ಗೊತ್ತಾಗುತ್ತಲ್ಲ. ಕುಡಿಸ್ದೆ. ನನ್ ಕೋಟು ಹೊದಿಸ್ದೆ. ಬೆಳಗಿನ ಹೊತ್ತಿಗೆ ಪ್ರಾಣ ಬಿಟ್ಟ. ಬಂದೂಕ ಎಲ್ಲಿ ಇಟ್ಟಿದ್ದೆ ಅನ್ನಾದೂ ಮರ್ತೋಗಿತ್ತು. ಅದಕ್ಕೆ ನಮ್ ಸಾಹೇಬ ಹೊಡ್ದ. ನಾನು ಯುದ್ಧದಾಗೆ ಮಾಡಿದ್ದು ಅಷ್ಟೇ ಸಾರ್."

"ವೇದಿಕೆಯ ಮೇಲೆಯೇ ಹೇಳಬಾರದಿತ್ತೇ?" ಎಂದೆ.

"ಹೇಳಾಣ ಅಂತಿದ್ದೆ. ನೀವು ಓದ್ತಿದ್ರಲ್ಲ, ಮಧ್ಯ ಬಾಯಿ ಹಾಕಾದು ಹೆಂಗೆ? ಮೇಷ್ಟ್ರಿಗೆ ಅವಮಾನ ಆಗ್ತದೆ ಅಂತ ಸುಮ್ಕಾದೆ."

ಆ ಮಾತನ್ನು ಅವನು ದೂರುವ ಹಾಗೆ ಹೇಳಲಿಲ್ಲ. ದೂರಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಮರುದಿನ ಹೆಡ್‌ಮೇಷ್ಟ್ರು ನನ್ನನ್ನು ಕರೆದು ಬಾಗಿಲು ಹಾಕಿದರು. ಕೆಟ್ಟ ಮನುಷ್ಯರಲ್ಲ, ನನಗೆ ಒಳ್ಳೆಯದಾಗಲಿ ಎಂದೇ ಹೇಳಿದರು. "ಇಲಾಖೆಯ ಅನುಮತಿ ಇಲ್ಲದೆ ಖಾಸಗಿ ಸಮಾರಂಭಕ್ಕೆ ಬರೆದುಕೊಟ್ಟಿದ್ದೀರಿ. ಅದರಲ್ಲಿ ಇಲ್ಲದ್ದನ್ನು ಬರೆದೆ ಅಂತ ನೀವೇ ಒಪ್ಪಿಕೊಂಡರೆ ನಾಳೆ ನೋಟಿಸು ಬರುತ್ತೆ. ವಿಚಾರಣೆ ಮುಗಿಯುವವರೆಗೆ ಪಿಂಚಣಿ ಕಾಗದ ಅಲ್ಲಾಡಲ್ಲ. ಕೇಳಿದ್ದನ್ನು ಬರೆದೆ ಅಂದುಬಿಡಿ. ಹೇಗೂ ಅವನೇ ಒಪ್ಪಿಕೊಂಡಿದ್ದಾನಲ್ಲ."

ಹೇಗೂ ಅವನೇ ಒಪ್ಪಿಕೊಂಡಿದ್ದಾನೆ. ಆ ಮಾತನ್ನು ನಾನು ಮೂರು ದಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ನಾಲ್ಕನೆಯ ದಿನ ಠಾಣೆಯಿಂದ ಕರೆ ಬಂತು. ಅಧಿಕಾರಿ ಮರ್ಯಾದಸ್ಥರು, ಕುರ್ಚಿ ಕೊಟ್ಟರು, ಟೀ ತರಿಸಿದರು. "ಪತ್ರದಲ್ಲಿ ಇರೋದು ಅವರು ಹೇಳಿದ್ದಾ ಸಾರ್, ಇಲ್ಲ ನೀವಾಗಿ ಬರೆದಿದ್ದಾ?" ಎಂದರು. ಆ ಪ್ರಶ್ನೆಗಿಂತ ಸುಲಭದ ಪ್ರಶ್ನೆಯನ್ನು ನಾನು ಯಾವ ಮಗುವಿಗೂ ಕೇಳಿಲ್ಲ. "ಅವರು ಹೇಳಿದ್ದರ ಆಧಾರದ ಮೇಲೆ ಬರೆದೆ" ಎಂದೆ. ಬರೆದುಕೊಂಡರು, ರುಜು ಹಾಕಿದೆ. ಹತ್ತು ಸಾಲಿನ ಅಭಿನಂದನಾ ಪತ್ರಕ್ಕೆ ಎರಡು ಗಂಟೆ ಕೂರುತ್ತಿದ್ದವನು ಆ ಸಾಲಿಗೆ ಎರಡು ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಹೊರಗೆ ಬಂದಾಗ ಟೀ ಇನ್ನೂ ನಾಲಿಗೆಯ ಮೇಲೆ ಸಿಹಿಯಾಗಿತ್ತು.

ಆಮೇಲಿನದ್ದು ಬೇಗ ಹೇಳಿ ಮುಗಿಸುತ್ತೇನೆ, ಹೇಳಲು ನಾಚಿಕೆ. ಬೀರೇಶನ ಪಾಸ್‌ಪೋರ್ಟ್ ಜಪ್ತಿಯಾಯಿತು. ಕಡತ ಒಪ್ಪಿಗೆಗಾಗಿ ಮೇಲಕ್ಕೆ ಹೋಯಿತು. ಅಲ್ಲಿಂದ ಹೂಂ ಎಂದೂ ಬರಲಿಲ್ಲ, ಊಹೂಂ ಎಂದೂ ಬರಲಿಲ್ಲ. ಬರುವವರೆಗೆ ಅವನು ಸೋಮವಾರ ಸೋಮವಾರ ಠಾಣೆಗೆ ಹೋಗಿ ರುಜು ಹಾಕಬೇಕು. ಬೇರೆ ಕಸುಬಿನವನಾದರೆ ಹೇಗೋ ನಡೆಯುತ್ತಿತ್ತು. ಸುಗ್ಗಿ ಮುಗಿದ ಮೇಲೆ ನಾಲ್ಕಾರು ಮನೆಯವರು ಕುರಿ ಒಟ್ಟುಮಾಡಿಕೊಂಡು ಮೇವು ಹುಡುಕುತ್ತ ತಿಂಗಳುಗಟ್ಟಲೆ ಹೋಗುತ್ತಾರೆ. ವಾರಕ್ಕೊಮ್ಮೆ ಊರಿಗೆ ಬರಬೇಕಾದವನು ಹಿಂಡಿನ ಜೊತೆ ಹೋಗುವುದು ಹೇಗೆ? ಆ ವರ್ಷ ಅವನ ಕುರಿಗಳು ಬೇರೆಯವರ ಹಿಂದೆ ಹೋದವು. ದೇಶದ್ರೋಹಿಯ ಕುರಿ ಎಂದು ಮೊದಲು ಇಬ್ಬರು ಸೇರಿಸಿಕೊಳ್ಳಲು ಒಪ್ಪಲೇ ಇಲ್ಲವಂತೆ, ಮೈಲಾರಪ್ಪ ಕೈಕಾಲು ಹಿಡಿದು ಒಪ್ಪಿಸಿದರಂತೆ. ಹಿಂಡು ಊರು ದಾಟಿದ ದಿನ ಬೀರೇಶ ಕೆರೆ ಏರಿಯ ಮೇಲೆ, ಆ ವೀರಗಲ್ಲಿನ ಪಕ್ಕ, ಧೂಳು ಇಳಿಯುವವರೆಗೂ ನಿಂತಿದ್ದನ್ನು ನಾನು ಶಾಲೆಯ ಜಗಲಿಯಿಂದ ನೋಡಿದೆ.

ಠಾಣೆಯಲ್ಲಿ ನಾನು ಹೇಳಿದ್ದು ತಿಳಿದ ಮೇಲೆ ಮಂಜುಳ ಮೂರು ದಿನ ಸಂಜೆ ಶಾಲೆಯ ಗೇಟಿನಲ್ಲಿ ನಿಂತಿದ್ದಳು. ಮೂರು ದಿನವೂ ನಾನು ಹಿಂದಿನ ಗೋಡೆಯ ಸಂದಿಯಿಂದ ಮನೆಗೆ ಹೋದೆ. ನಾಲ್ಕನೆಯ ದಿನದಿಂದ ಅವಳು ಬರಲಿಲ್ಲ. ಅಬ್ಬಾ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೆ ನನ್ನ ಮೇಲೆ ನನಗೆ ಇಂದಿಗೂ ಸಿಟ್ಟಿದೆ.

ನಿವೃತ್ತಿಯ ದಿನ ನನಗೂ ಶಾಲು, ಹಾರ, ಅಭಿನಂದನಾ ಪತ್ರ. ಬರೆದವರು ಹೊಸ ಕನ್ನಡ ಮೇಷ್ಟ್ರು, ನನ್ನ ಹಳೆಯ ಪತ್ರಗಳನ್ನೇ ನೋಡಿಕೊಂಡು ಬರೆದಿದ್ದರು. "ನುಡಿದಂತೆ ನಡೆದ ಸತ್ಯಸಂಧರೇ" ಎಂದು ಓದಿದಾಗ ನಾನು ಕುರ್ಚಿಯ ಮೇಲೆ ಕುಳಿತಿದ್ದೆ. ಕುರ್ಚಿಯ ಮೇಲೆ ಯಾರು ಬೇಕಾದರೂ ಕೂರಬಹುದು. ಪಿಂಚಣಿ ಆದೇಶ ಸಕಾಲಕ್ಕೆ ಬಂತು. ಅದು ಕೈಸೇರಿದ ಮೇಲೆ ಹೋಗಿ ನಿಜ ಹೇಳುತ್ತೇನೆ ಎಂದು ಹಿಂದೆ ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ. ಕೈಸೇರಿತು, ಒಂದು ವರ್ಷ ಕಳೆಯಿತು, ಹೋಗಲಿಲ್ಲ. ಆಗ ಪಿಂಚಣಿಯ ಭಯ. ಈಗ ಯಾವ ಭಯವೂ ಇರಲಿಲ್ಲ, ಅದಕ್ಕೇ ಹೋಗುವುದು ಇನ್ನೂ ಕಷ್ಟವಾಗಿತ್ತು.

ಆ ಕುರಿಗಾಹಿಯ ನೆನೆದ ಕಂಬಳಿಯ ಪಕ್ಕ ಕೂತು ಬಂದ ದಿನ, ಬಸ್ಸಿಳಿದವನು ಮನೆಗೆ ಹೋಗದೆ ಕೋರ್ಟಿನ ಎದುರು ಛಾಪಾ ಕಾಗದ ಕೊಂಡೆ. ಬರೆಯಲು ಕುಳಿತೆ. ಹೊಗಳಿಕೆಯ ಪದ ಒಂದೂ ಬರಲಿಲ್ಲ, ಬರದಂತೆ ನೋಡಿಕೊಂಡೆ. ನಾನು ಕೇಳಲಿಲ್ಲ. ಅವನು ಹೇಳಲಿಲ್ಲ. ನಾನೇ ಕಟ್ಟಿ ಬರೆದೆ. ಹಿಂದೆ ಬಸ್ಸಿನಲ್ಲಿ ಬೀರೇಶ ಹೇಳಿದ್ದ ಆ ಗುಂಡಿಯ ವಿಷಯವನ್ನೂ ಇದ್ದದ್ದು ಇದ್ದ ಹಾಗೆ ಬರೆದೆ. ಮುಂದಿನ ಸೋಮವಾರ ಅದನ್ನು ತೆಗೆದುಕೊಂಡು ಊರಿಗೆ ಹೋದೆ.

ಬೀರೇಶ ಮನೆಯಲ್ಲಿರಲಿಲ್ಲ. ಸೋಮವಾರವಲ್ಲವೇ, ರುಜು ಹಾಕಲು ಹೋಗಿದ್ದ. ಬೇಕೆಂದೇ ಆ ದಿನವನ್ನು ಆರಿಸಿಕೊಂಡೆಯಾ ಎಂದು ನೀವು ಕೇಳಿದರೆ ಇಲ್ಲ ಎನ್ನುವ ಧೈರ್ಯ ನನಗಿಲ್ಲ. ಮಂಜುಳ ಜಗಲಿಯಲ್ಲಿ ಉಣ್ಣೆ ಬಿಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದಳು. ಬೈಯಲಿಲ್ಲ. ಒಳಗೆ ಹೋಗಿ ಗೂಟದ ಮೇಲಿನ ಕಂಬಳಿ ತಂದು ಹಾಸಿದಳು.

"ಕುಂತ್ಕಳ್ರಿ ಸಾರ್."

ಕುಳಿತೆ. ಕಾಗದವನ್ನು ಅವಳ ಕಡೆ ಚಾಚಿದೆ. ಅವಳು ತೆಗೆದುಕೊಳ್ಳಲಿಲ್ಲ.

"ನೀವೇ ಓದ್ರಿ."

ಓದಿದೆ. ಮೈಕಿನ ಮುಂದಿನ ಆ ದನಿ ಬರಲಿಲ್ಲ, ಅಲ್ಲಲ್ಲಿ ತಡವರಿಸಿತು. ಅವಳು ಗೋಡೆಗೊರಗಿ, ತರಗತಿಯಲ್ಲಿ ಕೇಳುತ್ತಿದ್ದಂತೆಯೇ ಕಣ್ಣು ಕೆಳಗೆ ಹಾಕಿಕೊಂಡು ಕೇಳಿದಳು. ಗುಂಡಿಯಲ್ಲಿ ಬಿದ್ದವನಿಗೆ ಕೋಟು ಹೊದಿಸಿದ ಸಾಲು ಬಂದಾಗ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಓದಿ ಮುಗಿಸಿದೆ.

"ಚೆನ್ನಾಗೈತೆ ಸಾರ್" ಎಂದಳು. "ಒಂದು ಬಿಟ್ಟೀರಿ."

"ಏನಮ್ಮ?"

"ಠಾಣೆಯಾಗೆ ಯಾಕೆ ಬ್ಯಾರೆ ಹೇಳಿದ್ರಿ ಅನ್ನಾದು. ನಿಮ್ ಹೇಳಿಕೆ ನೋಡ್ದಾಗ್ಲೇ ವಕೀಲ್ರು ಅಂದಿದ್ರು, ಮೇಷ್ಟ್ರು ಎಂದಾದ್ರೂ ಬಂದು ಮಾತು ಬದ್ಲಾಯಿಸಿದ್ರೆ ಮೊದ್ಲು ಕೇಳಾದೇ ಅದನ್ನ ಅಂತ. ಅದಕ್ಕೆ ಉತ್ರ ಇಲ್ದಿದ್ರೆ ಹಣ ತಗಂಡು ಬರ್ಕೊಟ್ಟಾನೆ ಅಂತಾರಂತೆ. ಈ ಕಾಗ್ದ ನಮಗೆ ಏನಕ್ಕೂ ಬರಲ್ಲ."

"ಆಗಿನ ಸಂದರ್ಭ ಹಾಗಿತ್ತು ಎಂದು ಒಂದು ಸಾಲು ಸೇರಿಸುತ್ತೇನೆ" ಎಂದೆ.

"ಸಂದರ್ಭ ಅಲ್ಲ ಸಾರ್" ಎಂದಳು. ದನಿ ಏರಲಿಲ್ಲ. "ಅವ್ರಿಗಿಂತ ನಿಮ್ ಪಿಂಚಣಿ ದೊಡ್ಡದು ಅಂತ ನೀವು ಬೇಕಂತ್ಲೇ ಸುಳ್ಳು ಹೇಳಿದ್ರಿ. ಯಾರೂ ಬಲವಂತ ಮಾಡ್ಲಿಲ್ಲ. ಹೌದೋ ಅಲ್ಲೋ?"

ಗುಡ್ಡದ ಮೇಲೆ ಗಾಳಿಕಂಬಗಳು ತಿರುಗುತ್ತಿದ್ದವು. ಹೆಡ್‌ಮೇಷ್ಟ್ರ ಮಾತು, ನೋಟಿಸು, ನನ್ನ ವಯಸ್ಸು, ಹೇಳಲು ಏನೇನೋ ಇತ್ತು. ಬಾಯಿ ತೆರೆದೆ. ಯಾವುದೂ ಬರಲಿಲ್ಲ. ಅವಳು ಕಾದಳು. ನಾನು ಕಂಬಳಿಯ ಅಂಚನ್ನು ನೋಡುತ್ತ ಸುಮ್ಮನೆ ಕುಳಿತಿದ್ದೆ.

"ಒಪ್ಪಿದಂಗಾತು" ಎಂದಳು ಮಂಜುಳ. "ಎದ್ದೇಳ್ರಿ ಸಾರ್. ಅದನ್ನ ಬರ್ಕಂಡು ಬಂದು ಕುಂತ್ಕಳ್ರಿ."

ಮೊಣಕಾಲು ಹಿಡಿದುಕೊಂಡು ಎದ್ದೆ. ಅವಳು ಕಂಬಳಿಯನ್ನು ಒದರಿ, ನಾಲ್ಕು ಮಡಿಕೆ ಮಾಡಿ, ಒಳಗೆ ತೆಗೆದುಕೊಂಡು ಹೋದಳು.